ನಿಂತ ಜಾಗದ ಚಿತ್ರ: ಜೋನ್ ಅರ್ಡ್ಲಿಯ ಗ್ಲಾಸ್ಗೋ ಮತ್ತು ಕ್ಯಾಟರ್‌ಲೈನ್



ಮೊದಲಿಗೆ ಒಂದು ಕ್ಷಮೆ ಕೇಳಬೇಕು. ಆಹ್ವಾನ ಪತ್ರಿಕೆಯಲ್ಲಿ ‘ಈಯರ್ಡ್ಲಿ’ ಎಂದಿದೆ, ನನ್ನ ಬೆನ್ನ ಹಿಂದಿನ ಬ್ಯಾನರಿನಲ್ಲಿ ‘ಎರ್ಡ್ಲೆ’ ಎಂದಿದೆ. ತಪ್ಪು ಸಂಘಟಕರದಲ್ಲ, ನನ್ನದು. ಫೋನಿನಲ್ಲಿ ಎರಡು ಸಲ ಎರಡು ತರಹ ಹೇಳಿದೆ. ಆ ಹೆಸರನ್ನು ‘ಅರ್ಡ್ಲಿ’ ಎಂದರೆ ಸರಿಯಾದ ಉಚ್ಚಾರಣೆಗೆ ಸಾಕಷ್ಟು ಹತ್ತಿರ ಹೋಗುತ್ತದೆ. ಜೋನ್ ಅರ್ಡ್ಲಿ. ಸ್ಕಾಟ್ಲೆಂಡಿನಲ್ಲಿ ಚಿತ್ರ ನೋಡುವ ಅಭ್ಯಾಸವಿರುವ ಯಾರನ್ನು ಕೇಳಿದರೂ ಮುಖ ಅರಳುತ್ತದೆ. ಅಲ್ಲಿಂದ ಆಚೆ ಹೋದರೆ, ಲಂಡನ್ನಿನಲ್ಲೇ ಅನೇಕರು ಹುಬ್ಬು ಗಂಟಿಕ್ಕುತ್ತಾರೆ. ನಮ್ಮಲ್ಲಂತೂ ಕೇಳುವುದೇ ಬೇಡ.

ಸ್ಕಾಟ್ಲೆಂಡಿನ ಚಿತ್ರಕಾರರೇ ನಮಗೆ ಗೊತ್ತಿಲ್ಲ ಎಂದೇನೂ ಅಲ್ಲ. ಹೆಸರು ಗೊತ್ತಿಲ್ಲದೆ ಒಬ್ಬರ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಟಿಪ್ಪು ಸುಲ್ತಾನನ ದೇಹ ಕೋಟೆ ಬಾಗಿಲಿನ ಬಳಿ ಬಿದ್ದಿದೆ, ಮೇಲೆ ಜನರಲ್ ಬೇರ್ಡ್ ನಿಂತಿದ್ದಾನೆ, ಸುತ್ತ ದೀಪದ ಬೆಳಕು. ಇದನ್ನು ಬರೆದವನು ಸರ್ ಡೇವಿಡ್ ವಿಲ್ಕಿ. ಬೇರ್ಡನ ವಿಧವೆ ಹೇಳಿ ಬರೆಸಿದ ಚಿತ್ರ, ಮುಗಿದದ್ದು 1839ರಲ್ಲಿ. ಎತ್ತರ ಹನ್ನೊಂದು ಅಡಿಗೂ ಮಿಕ್ಕಿದೆ. ಬೇರ್ಡನ ಕಾಲ ಬಳಿ ಒಂದು ಕಂಬಿ ಕಿಂಡಿ ಇದೆ. ಹಿಂದೊಮ್ಮೆ ಶ್ರೀರಂಗಪಟ್ಟಣದಲ್ಲಿ ಅವನು ಸೆರೆಯಾಳಾಗಿ ಕೊಳೆತ ನೆಲಮಾಳಿಗೆಯ ಸೂಚನೆ ಅದು. ಕಥೆ ಕಟ್ಟುವುದರಲ್ಲಿ ವಿಲ್ಕಿಯನ್ನು ಮೀರಿಸಿದವರು ಕಡಿಮೆ. ಆದರೆ ಶ್ರೀರಂಗಪಟ್ಟಣ ಬಿದ್ದಾಗ ವಿಲ್ಕಿಗೆ ಹದಿಮೂರು ವರ್ಷ. ಇಂಡಿಯಾಕ್ಕೆ ಅವನು ಬರಲೇ ಇಲ್ಲ. ನಲವತ್ತು ವರ್ಷ ಹಳೆಯ ಘಟನೆಯನ್ನು, ತಾನು ಕಾಲಿಡದ ಊರಿನಲ್ಲಿ, ಲಂಡನ್ನಿನಲ್ಲಿ ಕೂತು ನಡೆಸಿದ.

ಅದನ್ನು ದೋಷ ಎನ್ನುತ್ತಿಲ್ಲ. ನಾಟಕಕ್ಕೂ ಚಿತ್ರಕಲೆಯಲ್ಲಿ ಜಾಗವಿದೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ‘ನೀವು ನೋಡದೇ ಇರುವ ಜಾತ್ರೆಯ ಚಿತ್ರ ಬರೆಯಿರಿ’ ಎಂದು ಎಷ್ಟು ಮಕ್ಕಳಿಗೆ ಹೇಳಿದ್ದೇನೋ. ಇವತ್ತು ಹೇಳಹೊರಟಿರುವುದು ಇದಕ್ಕೆ ಪೂರ್ತಿ ಎದುರು ದಿಕ್ಕಿನ ಒಬ್ಬಳ ಬಗ್ಗೆ. ಕಣ್ಣೆದುರಿಗೆ ಇಲ್ಲದ್ದನ್ನು ಬರೆಯಲು ಆಕೆಗೆ ಮನಸ್ಸೇ ಇರಲಿಲ್ಲ. ಆಕೆಯ ಮಾಗಿದ ಕೆಲಸವೆಲ್ಲ ಹೆಚ್ಚುಕಡಿಮೆ ಎರಡೇ ಜಾಗಗಳಲ್ಲಿ ಮುಗಿದುಹೋಯಿತು: ಗ್ಲಾಸ್ಗೋದ ಒಂದು ಕೊಳೆಗೇರಿಯ ಕೆಲವು ಬೀದಿ, ಉತ್ತರ ಸಮುದ್ರದ ದಂಡೆಯಲ್ಲಿ ಒಂದು ಸಾಲು ಮನೆಗಳ ಹಳ್ಳಿ. ಬದುಕಿದ್ದು ನಲವತ್ತೆರಡು ವರ್ಷ.

ಜೋನ್ ಹುಟ್ಟಿದ್ದು 1921ರ ಮೇ 18ರಂದು, ಅದೂ ಇಂಗ್ಲೆಂಡಿನಲ್ಲಿ. ದಕ್ಷಿಣದ ಸಸೆಕ್ಸ್ ಪ್ರಾಂತ್ಯದ ವಾರ್ನ್‌ಹ್ಯಾಮ್ ಎಂಬ ಹಳ್ಳಿಯ ಡೈರಿ ಫಾರ್ಮಿನಲ್ಲಿ. ಹಾಗಾದರೆ ಸ್ಕಾಟಿಷ್ ಹೇಗಾದಳು ಎಂದು ನೀವು ಕೇಳಬಹುದು. ತಾಯಿ ಗ್ಲಾಸ್ಗೋ ಕಡೆಯವರು. ತಂದೆ ಮೊದಲ ಮಹಾಯುದ್ಧದಲ್ಲಿ ವಿಷಾನಿಲ ಕುಡಿದು ಬಂದ ಸೈನಿಕ. ದೇಹ ಮರಳಿ ಬಂತು, ಮನಸ್ಸು ಬರಲಿಲ್ಲ. ಫಾರ್ಮ್ ಕೈಬಿಟ್ಟುಹೋಯಿತು. 1929ರಲ್ಲಿ ಆತ ತಾನಾಗಿ ಜೀವ ಕಳೆದುಕೊಂಡರು. ಜೋನ್ ಆಗಿನ್ನೂ ಚಿಕ್ಕವಳು. ತಾಯಿ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಲಂಡನ್ನಿನಲ್ಲಿ ತವರಿನವರ ಜೊತೆ ಇದ್ದರು. ಎರಡನೇ ಮಹಾಯುದ್ಧ ಶುರುವಾದ ಮೇಲೆ ಗ್ಲಾಸ್ಗೋ ಪಕ್ಕದ ಬೇರ್ಸ್‌ಡನ್‌ಗೆ ಬಂದರು. 1940ರಲ್ಲಿ ಜೋನ್ ಗ್ಲಾಸ್ಗೋ ಸ್ಕೂಲ್ ಆಫ್ ಆರ್ಟ್ ಸೇರಿದಳು. ಅಲ್ಲಿ ಹ್ಯೂ ಆಡಮ್ ಕ್ರಾಫರ್ಡ್ ಎಂಬ ಒಳ್ಳೆಯ ಗುರು ಸಿಕ್ಕಿದರು, ಮಾರ್ಗೊ ಸ್ಯಾಂಡೆಮನ್ ಎಂಬ ಜೀವದ ಗೆಳತಿ ಸಿಕ್ಕಿದಳು. 1943ರಲ್ಲಿ ಡಿಪ್ಲೊಮಾ, ಜೊತೆಗೆ ತನ್ನದೇ ಮುಖದ ಚಿತ್ರಕ್ಕೆ ಬಹುಮಾನ.

ಆಮೇಲೆ ಮೇಷ್ಟ್ರಾಗುವ ತರಬೇತಿಗೆ ಸೇರಿದಳು, ಸ್ವಲ್ಪ ಕಾಲಕ್ಕೇ ಬಿಟ್ಟಳು. ಈ ಸಂಗತಿ ಓದಿದಾಗ ನನಗೆ ತುಸು ಹೊಟ್ಟೆಕಿಚ್ಚಾಯಿತು, ಇರಲಿ. ಬಿಟ್ಟು ಹೋಗಿ ಸೇರಿದ್ದು ಬಡಗಿಗಳ ಕೈಕೆಳಗಿನ ಕೂಲಿ ಕೆಲಸಕ್ಕೆ. ಯುದ್ಧಕಾಲ, ದೋಣಿ ಕಟ್ಟುವ ಕಡೆ ಕೈ ಬೇಕಾಗಿತ್ತು. ಮುಂದೆ ಬಿರುಗಾಳಿಯಲ್ಲಿ ಹಾರ್ಡ್‌ಬೋರ್ಡ್ ಹಲಗೆ ಹೊತ್ತು ಕಡಲ ದಂಡೆಗೆ ಇಳಿಯುವವಳ ತೋಳು ತಯಾರಾದದ್ದು ಅಲ್ಲಿರಬೇಕು ಎಂದು ನನ್ನ ಊಹೆ.

1947ರಲ್ಲಿ ಆರ್ಬ್ರೋತ್ ಊರಿನ ಹಾಸ್ಪಿಟಲ್‌ಫೀಲ್ಡ್‌ನಲ್ಲಿ ಕೆಲಕಾಲ ಕಲಿತಳು. ಹೆಸರು ಕೇಳಿ ಆಸ್ಪತ್ರೆ ಎಂದುಕೊಳ್ಳಬೇಡಿ, ಅದು ಕಲಾವಿದರ ವಸತಿ ಶಾಲೆ. ಅಲ್ಲಿನ ಹಿರಿಯ ಜೇಮ್ಸ್ ಕೋವಿ ಗೆರೆಗೆ ಗೆರೆ ಲೆಕ್ಕ ಹಾಕುವ ಮನುಷ್ಯ. ಇಬ್ಬರಿಗೂ ಸರಿಬರಲಿಲ್ಲ. ಅದರ ಮುಂದಿನ ವರ್ಷ ವಿದ್ಯಾರ್ಥಿವೇತನದ ಮೇಲೆ ಇಟಲಿ, ಫ್ರಾನ್ಸ್ ಸುತ್ತಿದಳು. ಜೊಟ್ಟೊ, ಮಸಾಚ್ಚೊ ಬರೆದ ಭಿತ್ತಿಚಿತ್ರಗಳನ್ನು ನೋಡಿದಳು, ಆದರೆ ಸ್ಕೆಚ್ ಪುಸ್ತಕಕ್ಕೆ ಬಿದ್ದದ್ದು ಭಿಕ್ಷುಕರು, ಮುದುಕಿಯರು, ಕತ್ತೆಗಳು, ದುಡಿಯುವವರು. ಇಟಲಿ ಪ್ರವಾಸದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ನನಗೆ ಬೇಕಾದ ಜೋನ್ ವಾಪಸು ಗ್ಲಾಸ್ಗೋಗೆ ಬಂದ ಮೇಲಿನವಳು.

ಟೌನ್‌ಹೆಡ್ ಎನ್ನುವುದು ಗ್ಲಾಸ್ಗೋ ನಗರದ ನಡುವಿಗೆ ಅಂಟಿಕೊಂಡ, ಹಳೆಯ ಕೆಥೆಡ್ರಲ್ ಹತ್ತಿರದ ಬಡಾವಣೆ. ಮೂರು ನಾಲ್ಕು ಅಂತಸ್ತಿನ ಕಲ್ಲು ಕಟ್ಟಡಗಳು, ಕಲ್ಲಿದ್ದಲ ಹೊಗೆ ಕುಡಿದು ಕಪ್ಪಾದವು. ನಮ್ಮ ವಠಾರವನ್ನು ಮೇಲಕ್ಕೆ ಪೇರಿಸಿ ನಿಲ್ಲಿಸಿದಂತೆ ಎಂದುಕೊಳ್ಳಿ. ಒಂದು ಕೋಣೆ, ಒಂದು ಅಡುಗೆಮನೆ, ಅದರೊಳಗೆ ಇಡೀ ಸಂಸಾರ. ಪಾಯಖಾನೆ ಮೆಟ್ಟಿಲ ಬಳಿ, ಎಲ್ಲರಿಗೂ ಸೇರಿ ಒಂದು. ಮನೆಯೊಳಗೆ ಜಾಗವಿಲ್ಲದ ಮೇಲೆ ಮಕ್ಕಳು ಇರುವುದು ಎಲ್ಲಿ? ಬೀದಿಯಲ್ಲಿ. ಇಂಥ ಬೀದಿಗಳಲ್ಲಿ ಈ ಹೆಣ್ಣುಮಗಳು ಹಳೆಯದೊಂದು ಮಕ್ಕಳ ಗಾಡಿಯಲ್ಲಿ ಈಸೆಲ್, ಬಣ್ಣ ತುಂಬಿಕೊಂಡು ತಳ್ಳುತ್ತ ಹೋಗುತ್ತಿದ್ದಳು. ಗಾಡಿಯೊಳಗೆ ಮಗುವಿಲ್ಲದ್ದು ನೋಡಿ ನಿಜವಾದ ಮಕ್ಕಳು ಹಿಂದೆ ಬಿದ್ದಿರಬೇಕು.

1952ರ ಹೊತ್ತಿಗೆ ಸೇಂಟ್ ಜೇಮ್ಸ್ ರೋಡಿನಲ್ಲಿ ಆಕೆಗೆ ಒಂದು ಸ್ಟುಡಿಯೋ ಸಿಕ್ಕಿತು. ಹಿಂದೆ ಯಾರೋ ಫೋಟೋಗ್ರಾಫರ್ ಇದ್ದ ಜಾಗ, ಬೆಳಕಿಗೆ ಗಾಜಿನ ಚಾವಣಿ, ಕೆಳಗೆ ಗುಜರಿ ಅಂಗಡಿ. ಹತ್ತಿರದಲ್ಲೇ ಹನ್ನೆರಡು ಮಕ್ಕಳ ಒಂದು ಸಂಸಾರವಿತ್ತು. ಆ ಹನ್ನೆರಡರಲ್ಲಿ ಹೆಚ್ಚಿನವರು ಒಬ್ಬರಾದ ಮೇಲೊಬ್ಬರಂತೆ ಮೆಟ್ಟಿಲು ಹತ್ತಿ ಬಂದು ‘ನನ್ನ ಚಿತ್ರ ಬರೀತೀರಾ’ ಎಂದು ಬಾಗಿಲು ಬಡಿಯುತ್ತಿದ್ದರು. ಮಿಠಾಯಿ, ಕಾಮಿಕ್ಸ್ ಪುಸ್ತಕ, ಒಂದಿಷ್ಟು ಚಿಲ್ಲರೆ ಸಿಕ್ಕರೆ ಸ್ವಲ್ಪ ಹೊತ್ತು ಕೂರುತ್ತಿದ್ದರು. ಸ್ವಲ್ಪ ಹೊತ್ತು ಅಷ್ಟೇ. ಮಕ್ಕಳನ್ನು ಕೂರಿಸಿ ಚಿತ್ರ ಬರೆದವರಿಗೆ ಗೊತ್ತು, ಹಿಡಿದ ಗೆರೆ ಮುಗಿಯುವಷ್ಟರಲ್ಲಿ ಮೂಗು ಬೇರೆ ಕಡೆ ಹೋಗಿರುತ್ತದೆ. ಆಕೆ ಗೆರೆಯನ್ನು ಅದಕ್ಕೆ ತಕ್ಕ ಹಾಗೆ ಪಳಗಿಸಿಕೊಂಡಳು. ಆ ಪೇಸ್ಟಲ್ ಚಿತ್ರಗಳನ್ನು ನೋಡಿ: ಒಂದೇ ಭುಜಕ್ಕೆ ಮೂರು ಗೆರೆ, ಯಾವುದನ್ನೂ ಅಳಿಸಿಲ್ಲ. ಮಗು ಮಿಸುಕಾಡಿದ್ದು ಹಾಗೇ ಉಳಿದಿದೆ.

ಇನ್ನೊಂದು ಸಂಗತಿ ಚಿತ್ರ ಬರೆಯುವವರಿಗಾಗಿ. ಆಕೆ ಎಷ್ಟೋ ಸಲ ಪೇಸ್ಟಲ್ ಹಚ್ಚುತ್ತಿದ್ದುದು ಉಪ್ಪುಕಾಗದದ ಮೇಲೆ. ಬಡಗಿ ಮರ ಉಜ್ಜುವ ಅದೇ ಉಪ್ಪುಕಾಗದ. ನುಣುಪು ಹಾಳೆಯ ಮೇಲೆ ಪೇಸ್ಟಲ್ ಜಾರುತ್ತದೆ, ಕೊಡವಿದರೆ ಉದುರುತ್ತದೆ. ಉಪ್ಪುಕಾಗದ ಬಣ್ಣವನ್ನು ಕಚ್ಚಿ ಹಿಡಿಯುತ್ತದೆ, ಕೆಂಪು ಕೆಂಪಾಗಿಯೇ ಉರಿಯುತ್ತದೆ. ಆ ಮಕ್ಕಳ ಸ್ವೆಟರುಗಳು, ಅಣ್ಣನಿಂದ ತಮ್ಮನಿಗೆ ಬಂದು ಮೊಣಕೈಯಲ್ಲಿ ಹರಿದವು, ಅಷ್ಟು ಒರಟಾಗಿ ಕಾಣುವುದು ಕೈಚಳಕದಿಂದ ಎಷ್ಟೋ, ಕಾಗದದಿಂದಲೂ ಅಷ್ಟೇ. ಕೂಲಿ ಕೆಲಸದಿಂದ ಕಲೆಗೆ ತಂದ ಸಾಮಾನು ಎಂದರೆ ತಪ್ಪಾಗಲಾರದು.

ಇಲ್ಲಿ ಒಂದು ತಕರಾರು ಏಳುತ್ತದೆ, ಏಳಬೇಕು ಕೂಡ. ಒಳ್ಳೆಯ ಮನೆಯ ಹುಡುಗಿ ಬಡವರ ಬೀದಿಗೆ ಹೋಗಿ ಚಿಂದಿ ಉಟ್ಟ ಮಕ್ಕಳ ಚಿತ್ರ ಬರೆದು ಗ್ಯಾಲರಿಯಲ್ಲಿ ತೂಗುಹಾಕುವುದು ಎಂಥ ಕೆಲಸ? ನಮ್ಮ ಕ್ಷೌರದಂಗಡಿಗಳಲ್ಲಿ ಒಂದು ಕಾಲಕ್ಕೆ ನೇತಾಡುತ್ತಿದ್ದ ಕ್ಯಾಲೆಂಡರ್ ನೆನಪಿದೆಯಲ್ಲ, ದೊಡ್ಡ ಕಣ್ಣಿನ ಹುಡುಗ, ಕೆನ್ನೆಯ ಮೇಲೆ ಒಂದು ಹನಿ. ನೋಡಿದವರಿಗೆ ಅಯ್ಯೋ ಅನಿಸಬೇಕು, ಅನಿಸಿದ್ದಕ್ಕೆ ತಾವು ಒಳ್ಳೆಯವರು ಎಂದೂ ಅನಿಸಬೇಕು. ಜೋನಳ ಕೆಲವು ಆರಂಭದ ಚಿತ್ರಗಳು ಆ ಕಡೆಗೆ ಒಂದು ಹೆಜ್ಜೆ ಜಾರಿವೆ ಎಂದೇ ನನ್ನ ಅಭಿಪ್ರಾಯ. ಆದರೆ 1955ರ ಆಚೆಗೆ ಬನ್ನಿ. ಆ ಮಕ್ಕಳು ನಮ್ಮ ಕಡೆ ನೋಡುವುದೇ ಇಲ್ಲ. ಕಾಮಿಕ್ಸ್ ಓದುತ್ತಾರೆ, ತಮ್ಮನನ್ನು ಎತ್ತಿಕೊಂಡು ಬೇಸರಪಡುತ್ತಾರೆ, ಜಗಳಕ್ಕೆ ತಯಾರಾಗಿ ಹಲ್ಲು ಕಿರಿಯುತ್ತಾರೆ. ಮೆಳ್ಳಗಣ್ಣಿನ ಒಬ್ಬಳು ಹುಡುಗಿ ಮತ್ತೆ ಮತ್ತೆ ಬರುತ್ತಾಳೆ. ಜೋನ್ ಆ ಕಣ್ಣನ್ನು ನೇರ ಮಾಡಲಿಲ್ಲ, ಕರುಣೆಯ ವಸ್ತುವನ್ನಾಗಿಯೂ ಮಾಡಲಿಲ್ಲ. ಹುಡುಗಿಗೆ ಹೇಗಿತ್ತೋ ಹಾಗೆ. ಆ ಹನ್ನೆರಡು ಮಕ್ಕಳಲ್ಲಿ ಕೆಲವರು ದೊಡ್ಡವರಾದ ಮೇಲೆ ಪತ್ರಿಕೆಗಳ ಮುಂದೆ ಆಕೆಯನ್ನು ನೆನೆದದ್ದು ಪ್ರೀತಿಯಿಂದಲೇ.

ಬೀದಿ ಚಿತ್ರದೊಳಕ್ಕೆ ಅಕ್ಷರಶಃ ನುಗ್ಗಿದ್ದು ಕೊನೆಯ ವರ್ಷಗಳಲ್ಲಿ. ಗೋಡೆಯ ಮೇಲೆ ಮಕ್ಕಳು ಚಾಕ್‌ಪೀಸಿನಲ್ಲಿ ಗೀಚಿದ್ದು, ಗುಜರಿ ಅಂಗಡಿಯ ಅಚ್ಚು ಅಕ್ಷರ, ಮಿಠಾಯಿ ಸುತ್ತಿದ ಹಾಳೆ. ‘ಮಕ್ಕಳು ಮತ್ತು ಚಾಕಿನ ಗೋಡೆ’ ಸರಣಿಯ ಮೂರನೆಯ ಚಿತ್ರ ಎಡಿನ್‌ಬರೋದಲ್ಲಿದೆ, 1962-63ರದ್ದು. ಎಣ್ಣೆ ಬಣ್ಣದ ನಡುವೆ ದಿನಪತ್ರಿಕೆಯ ತುಂಡು, ಲೋಹದ ತಗಡು ಹಾಳೆ ಅಂಟಿಸಿದ್ದಾಳೆ. ಹುಡುಗಿಯರು ಗೋಡೆಯ ಮುಂದೆ ನಿಂತಿದ್ದಾರೋ, ಗೋಡೆಯೇ ಹುಡುಗಿಯರಾಗಿದೆಯೋ ಹೇಳುವುದು ಕಷ್ಟ. ಇದಾಗಿ ಕೆಲವೇ ವರ್ಷಗಳಲ್ಲಿ ಕೊಳೆಗೇರಿ ನಿರ್ಮೂಲನೆಯ ಹೆಸರಿನಲ್ಲಿ ಟೌನ್‌ಹೆಡ್‌ನ ಬಹುಭಾಗವನ್ನು ಕೆಡವಿದರು, ಪಕ್ಕದಲ್ಲೇ ದೊಡ್ಡ ಹೆದ್ದಾರಿ ಹಾಯಿತು. ಎಡ್ವಿನ್ ಮಾರ್ಗನ್ ಎಂಬ ಗ್ಲಾಸ್ಗೋದ ಕವಿ ಆ ಬಡಾವಣೆಯ ಒಂದು ಮಿಠಾಯಿ ಅಂಗಡಿಯ ಚಿತ್ರವನ್ನು ಕೊಂಡು ಮನೆಯಲ್ಲಿಟ್ಟುಕೊಂಡಿದ್ದ, ಆಕೆಯ ಮೇಲೆ ಪದ್ಯವನ್ನೂ ಬರೆದ. ಅಂಗಡಿ ಹೋಯಿತು, ಬೋರ್ಡು ಚಿತ್ರದಲ್ಲಿ ಉಳಿಯಿತು.

ಕ್ಯಾಟರ್‌ಲೈನಿಗೆ ಹೋಗುವ ಮೊದಲು ಒಂದು ಗಲಾಟೆಯ ವಿಷಯ ಹೇಳಿಬಿಡುತ್ತೇನೆ. 1955ರಲ್ಲಿ ಆಕೆ ಮಲಗಿದ ಬೆತ್ತಲೆ ಗಂಡಸಿನ ದೊಡ್ಡ ಚಿತ್ರ ಪ್ರದರ್ಶನಕ್ಕಿಟ್ಟಳು. ಮಾಡೆಲ್ ಆದವನು ಆಂಗಸ್ ನೀಲ್, ಹಾಸ್ಪಿಟಲ್‌ಫೀಲ್ಡ್‌ನಿಂದ ಗೆಳೆಯ, ತಾನೂ ಚಿತ್ರಕಾರ, ಮನಸ್ಸಿನ ಆರೋಗ್ಯ ಆಗಾಗ ಕೈಕೊಡುತ್ತಿದ್ದ ಬಡಪಾಯಿ. ಚಿತ್ರದಲ್ಲಿರುವುದು ಬಡಕಲು ದೇಹ, ಬಳಲಿ ನಿದ್ದೆಹೋದ ಮನುಷ್ಯ. ಪತ್ರಿಕೆಗಳು ಅರಚಿದವು. ಗಂಡಸರು ನೂರಾರು ವರ್ಷ ಹೆಂಗಸರನ್ನು ಬರೆದದ್ದಕ್ಕೆ ಯಾರೂ ಸುದ್ದಿ ಮಾಡಿರಲಿಲ್ಲ. ಹೆಂಗಸೊಬ್ಬಳು ಗಂಡಸನ್ನು ಬರೆದಾಗ ಅದು ಸುದ್ದಿ. ಅದೇ ವರ್ಷ ರಾಯಲ್ ಸ್ಕಾಟಿಷ್ ಅಕಾಡೆಮಿ ಆಕೆಯನ್ನು ಅಸೋಸಿಯೇಟ್ ಆಗಿ ಆರಿಸಿತು ಎಂಬುದನ್ನೂ ಸೇರಿಸಬೇಕು.

ಕ್ಯಾಟರ್‌ಲೈನನ್ನು ಆಕೆ ಮೊದಲು ನೋಡಿದ್ದು ಆಕಸ್ಮಿಕವಾಗಿ. 1950ರಲ್ಲಿ ಅಬರ್ಡೀನ್‌ನಲ್ಲಿ ಪ್ರದರ್ಶನಕ್ಕೆಂದು ಹೋದವಳಿಗೆ ಮಂಗನಬಾವು ಬಂತು. ಚೇತರಿಸಿಕೊಳ್ಳುತ್ತಿದ್ದಾಗ ಗೆಳತಿಯೊಬ್ಬಳು ಕಾರಿನಲ್ಲಿ ಸುತ್ತಾಡಿಸಲು ಕರೆದುಕೊಂಡು ಹೋದಳು. ಸ್ಟೋನ್‌ಹೇವನ್ನಿನ ದಕ್ಷಿಣಕ್ಕೆ, ಕಡಿದಾದ ಬಂಡೆಯ ನೆತ್ತಿಯ ಮೇಲೆ ಗಿಡ್ಡ ಮನೆಗಳ ಸಾಲು, ಕೆಳಗೆ ಕುದುರೆಲಾಳದಂಥ ಕೊಲ್ಲಿ, ಒಂದು ಪುಟ್ಟ ಧಕ್ಕೆ, ಸಾಲ್ಮನ್ ಮೀನಿನ ಬಲೆ ಒಣಹಾಕುವ ಉದ್ದ ಕಂಬಗಳು. ಮೀನುಗಾರರ ಊರು, ಆದರೆ ದೋಣಿಗಳು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದವು. ಅಂದರೆ ಟೌನ್‌ಹೆಡ್‌ನಂತೆ ಇದೂ ಕೊನೆಗಾಲ ಕಾಣುತ್ತಿದ್ದ ಜಾಗವೇ. ಆಕೆ ಅಂಥ ಜಾಗಗಳನ್ನು ಹುಡುಕಿಕೊಂಡು ಹೋದಳು ಎಂದು ಕೆಲವರು ಬರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಎರಡೂ ಕಡೆ ಆಕೆಗೆ ಸಿಕ್ಕಿದ್ದು ಮಾನ. ಯಾರೂ ಆಕೆಯನ್ನು ವಿಶೇಷವಾಗಿ ಗಮನಿಸದ ಮಾನ.

ಹಳ್ಳಿಯ ಸಾಲಿನ ತುದಿಯ ಮನೆಯಲ್ಲಿ ಇದ್ದಳು. ಮಣ್ಣಿನ ನೆಲ, ಕರೆಂಟಿಲ್ಲ, ನಲ್ಲಿಯಿಲ್ಲ. ಗ್ಲಾಸ್ಗೋದಿಂದ ನೂರು ಮೈಲಿಗೂ ಮೇಲೆ. ಕಡಲು ಎದ್ದಿದೆ ಎಂಬ ಸುದ್ದಿ ಗ್ಲಾಸ್ಗೋಗೆ ಮುಟ್ಟಿದರೆ ಸಾಕು, ಲ್ಯಾಂಬ್ರೆಟ್ಟಾ ಸ್ಕೂಟರ್ ಹತ್ತಿ ಹೊರಟುಬಿಡುತ್ತಿದ್ದಳು. ನನ್ನ ವಯಸ್ಸಿನವರಿಗೆ ಲ್ಯಾಂಬ್ರೆಟ್ಟಾ ಹೇಳಬೇಕಿಲ್ಲ. ನಮ್ಮ ಬೀದಿಯಲ್ಲಿ ಅದರಲ್ಲಿ ಹಾಲಿನ ಕ್ಯಾನು ಬರುತ್ತಿತ್ತು. ಆ ಸ್ಕೂಟರಿನಲ್ಲಿ, ಉತ್ತರದ ಚಳಿಗಾಲದಲ್ಲಿ, ಬಿರುಗಾಳಿಯಿಂದ ಓಡಿಹೋಗುವ ಬದಲು ಅದರ ಕಡೆಗೇ ಓಡುವವರನ್ನು ಏನೆನ್ನಬೇಕು?

ಹೋಗಿ ಮಾಡುತ್ತಿದ್ದುದೇನು? ನಾಲ್ಕಡಿ ಎತ್ತರ, ಆರಡಿ ಅಗಲದ ಹಾರ್ಡ್‌ಬೋರ್ಡನ್ನು ಬಂಡೆಯ ದಾರಿಯಲ್ಲಿ ದಂಡೆಗಿಳಿಸುವುದು. ಗಾಳಿಯಲ್ಲಿ ಅದು ಹಾಯಿಯಂತೆ ಎಳೆಯುತ್ತದೆ. ಈಸೆಲ್ಲಿಗೆ ಹಗ್ಗ ಬಿಗಿದು, ಕಲ್ಲು ಹೇರಿ, ಬಣ್ಣ ಹಚ್ಚುವುದು. ದೋಣಿಗೆ ಬಳಿಯುವ ಬಣ್ಣವೂ ಆದೀತು. ಆಡ್ರಿ ವಾಕರ್ ತೆಗೆದ ಫೋಟೋಗಳಲ್ಲಿ ಈ ದೃಶ್ಯವಿದೆ: ದಪ್ಪ ಕೋಟು ತೊಟ್ಟ ಗಟ್ಟಿ ಹೆಂಗಸು, ಎದುರಿಗೆ ಹಲಗೆ, ಅದರಾಚೆ ನೊರೆ. ಆಡ್ರಿ ಆಕೆಯ ಆಪ್ತ ಜೀವ. ಕ್ಯಾಟರ್‌ಲೈನಿನಿಂದ ಅವಳಿಗೆ ಬರೆದ ಪತ್ರಗಳಲ್ಲಿ ಪ್ರೀತಿಯೂ ಹವಾಮಾನವೂ ಒಟ್ಟೊಟ್ಟಿಗೆ ಇವೆ. ಯಾವುದು ಎಲ್ಲಿ ಮುಗಿಯುತ್ತದೆ ಎಂದು ಬಿಡಿಸಲು ಹೋಗಬಾರದು.

‘ಅಲೆ’ ಎಂಬ ಚಿತ್ರ 1961ರದ್ದು. ಎಣ್ಣೆ ಬಣ್ಣದಲ್ಲಿ ಕಿರುಗಲ್ಲು ಮರಳು ಸೇರಿದೆ. ಒಂದಿಷ್ಟು ಗಾಳಿ ಎರಚಿದ್ದಿರಬಹುದು, ಒಂದಿಷ್ಟು ಆಕೆಯೇ ಕಲೆಸಿದ್ದಿರಬಹುದು. ಅದೇ ಹೊತ್ತಿನ ‘ಬೇಸಗೆಯ ಹೊಲಗಳು’ ನೋಡಿ: ಮನೆಯ ಹಿಂದಿನ ಹೊಲದ ಹುಲ್ಲು, ತೆನೆಗಳನ್ನು ಹಸಿ ಬಣ್ಣಕ್ಕೆ ಒತ್ತಿದ್ದಾಳೆ. ಆಗ ಜಗತ್ತಿನ ದೊಡ್ಡ ನಗರಗಳಲ್ಲಿ ಅಮೂರ್ತ ಚಿತ್ರದ ಅಬ್ಬರ. ಜಾಕ್ಸನ್ ಪೊಲಾಕ್ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ ಬಣ್ಣ ಚೆಲ್ಲಿಯಾಗಿತ್ತು. ಆ ಗಾಳಿ ಆಕೆಗೂ ತಾಗಿತ್ತು, ಬ್ರಷ್ಷಿನ ಬೀಸಿನಲ್ಲಿ ಕಾಣುತ್ತದೆ. ಹತ್ತಿರ ನಿಂತರೆ ಅಲೆಯೂ ಇಲ್ಲ, ಹೊಲವೂ ಇಲ್ಲ, ಬರೀ ಬಣ್ಣದ ಕೆಸರು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಕಾಲು ಒದ್ದೆಯಾಗುತ್ತದೆ. ಪೂರ್ತಿ ಅಮೂರ್ತಕ್ಕೆ ಆಕೆ ಯಾಕೆ ಹೋಗಲಿಲ್ಲ ಎಂದು ವಿಮರ್ಶಕರು ಕೇಳುವುದುಂಟು. ಹೋಗುವುದಕ್ಕೆ ಆ ಜಾಗದಿಂದ ಏಳಬೇಕಿತ್ತಲ್ಲ! ಒಂದೇ ಕಡೆ ನಿಂತಷ್ಟೂ ಬರೆಯುವುದು ಹೆಚ್ಚುತ್ತದೆ ಎಂಬ ಅರ್ಥದ ಮಾತನ್ನು ಆಕೆ ತನ್ನ ಕೆಲಸದ ಬಗ್ಗೆ ಹೇಳಿದ್ದಳು. ಅದೇ ಬಾಗಿಲ ಮುಂದೆ ಕೂತು ಅದೇ ಹೊಲವನ್ನು ಬಿತ್ತನೆಯಿಂದ ಕುಯ್ಲಿನವರೆಗೆ ಬರೆದಳು. ಜೇನುಪೆಟ್ಟಿಗೆ, ಬಲೆಯ ಕಂಬ, ಅದೇ ಮನೆಸಾಲು.

1962-63ರ ಚಳಿಗಾಲ ಬ್ರಿಟನ್ನಿಗೆ ಭಯಂಕರವಾಗಿತ್ತು. ಆ ಚಳಿಯ ಚಿತ್ರ ‘ಚಳಿಗಾಲದಲ್ಲಿ ಕ್ಯಾಟರ್‌ಲೈನ್’. ಇಳಿಜಾರಿನಲ್ಲಿ ಒಂದಕ್ಕೊಂದು ಒರಗಿದ ಮನೆಗಳು, ಹಿಮದ ಬೂದು, ಮೇಲೆ ಮಂಕು ಬಿಲ್ಲೆಯೊಂದು, ಸೂರ್ಯನೋ ಚಂದ್ರನೋ. ಸ್ಕಾಟ್ಲೆಂಡಿನ ಸಂಗೀತ ಸಂಯೋಜಕಿ ಹೆಲೆನ್ ಗ್ರೈಮ್ 2016ರಲ್ಲಿ ಈ ಚಿತ್ರವನ್ನೂ ಇನ್ನೊಂದು ಹಿಮದ ಚಿತ್ರವನ್ನೂ ವಾದ್ಯವೃಂದಕ್ಕೆ ಅಳವಡಿಸಿದಳು. ನನಗೆ ಪಾಶ್ಚಾತ್ಯ ಸಂಗೀತ ಅಷ್ಟಾಗಿ ಹತ್ತುವುದಿಲ್ಲ, ಆದರೂ ಒಬ್ಬರ ಬಣ್ಣ ಇನ್ನೊಬ್ಬರಿಗೆ ಕೇಳಿಸಿತಲ್ಲ ಎಂದು ಸಂತೋಷವಾಯಿತು.

1963 ಒಂದೇ ವರ್ಷದೊಳಗೆ ಎಲ್ಲವೂ ಬಂತು. ಅಕಾಡೆಮಿಯ ಪೂರ್ಣ ಸದಸ್ಯತ್ವ. ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಪ್ರದರ್ಶನ. ಜೊತೆಗೆ ಸ್ತನದ ಕ್ಯಾನ್ಸರ್ ಮೆದುಳಿಗೆ ಹರಡಿತು. ಆಗಸ್ಟ್ 16ರಂದು ಕಿಲರ್ನ್ ಆಸ್ಪತ್ರೆಯಲ್ಲಿ ತೀರಿಹೋದಳು. ಬೂದಿಯನ್ನು ಕ್ಯಾಟರ್‌ಲೈನಿನ ದಂಡೆಯಲ್ಲಿ ಚೆಲ್ಲಿದರು. ಗ್ಲಾಸ್ಗೋದ ಸ್ಟುಡಿಯೋದಲ್ಲಿ ಈಸೆಲ್ ಮೇಲೆ ಇಬ್ಬರು ಮಕ್ಕಳ ದೊಡ್ಡ ಚಿತ್ರವೊಂದು ಅರ್ಧಕ್ಕೆ ನಿಂತಿತ್ತು; ಈಗ ಅದು ಅದೇ ಊರಿನ ಮ್ಯೂಸಿಯಮ್ಮಿನ ಸ್ವತ್ತು. 1987ರಲ್ಲಿ ತಂಗಿ ನೂರಾರು ರೇಖಾಚಿತ್ರಗಳನ್ನು ರಾಷ್ಟ್ರೀಯ ಗ್ಯಾಲರಿಗೆ ಕೊಟ್ಟರು. ಲಿಲ್ ನೀಲ್ಸನ್ ಎಂಬ ಕಿರಿಯ ಚಿತ್ರಕಾರ್ತಿ ಜೋನಳ ಜೊತೆಗೆ ಕ್ಯಾಟರ್‌ಲೈನಿಗೆ ಬಂದವಳು, ಆಮೇಲೆ ಅಲ್ಲೇ ನೆಲೆನಿಂತು ಅದೇ ಕಡಲನ್ನು ತನ್ನ ರೀತಿಯಲ್ಲಿ ಬರೆದಳು.

ನನ್ನ ಸಮಯ ಮುಗಿಯುತ್ತ ಬಂತು ಎಂದು ಅಧ್ಯಕ್ಷರು ಗಡಿಯಾರ ನೋಡದೆಯೇ ತಿಳಿಸುತ್ತಿದ್ದಾರೆ. ಈಗ ದೀಪ ಆರಿಸಿ ಹದಿನೆಂಟು ಚಿತ್ರ ತೋರಿಸುತ್ತೇನೆ. ಒಂದು ಮಾತು ಮೊದಲೇ ಹೇಳಿರುತ್ತೇನೆ, ಪ್ರೊಜೆಕ್ಟರಿನಲ್ಲಿ ಆ ಮರಳು ಕಾಣುವುದಿಲ್ಲ. ಹುಲ್ಲಿನ ತೆನೆ ಬರೀ ಗೆರೆಯಂತೆ ಕಾಣುತ್ತದೆ. ಅದಕ್ಕೇ ಮನೆಯಿಂದ ಒಂದು ಉಪ್ಪುಕಾಗದ, ಒಂದು ಪೇಸ್ಟಲ್ ಕಡ್ಡಿ ತಂದಿದ್ದೇನೆ. ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸಿ, ಒಬ್ಬೊಬ್ಬರೂ ಒಂದೊಂದು ಗೆರೆ ಎಳೆದು ನೋಡಿ. ಕೈಗೆ ಬಣ್ಣ ಹತ್ತುತ್ತದೆ, ಸೀರೆ ಪಂಚೆ ಜೋಪಾನ. ಯಾರಾದರೂ ಆ ಕಿಟಕಿ ಪರದೆ ಸ್ವಲ್ಪ ಎಳೆಯುತ್ತೀರಾ?